ಸೋಲು ಅವಿಶ್ವಾಸವೇ? ಚಿಕ್ಕೋಡಿ ಸೀಮೆಯ ಮತದಾರರನ್ನು ಕುರಿತು ಒಂದು ವಿಮರ್ಶೆ

ಚುನಾವಣೆಯ ಫಲಿತಾಂಶ ಹೊರಬಿದ್ದ ದಿನ ನಮ್ಮ ನಾಡಿನಲ್ಲಿ ಸಾಮಾನ್ಯವಾಗಿ ಎರಡು ಮಾತುಗಳು ಕೇಳಿಬರುತ್ತವೆ. ಗೆದ್ದ ನಾಯಕನಲ್ಲಿ ಜನರು ವಿಶ್ವಾಸವಿಟ್ಟರೆಂದು ಒಂದು. ಸೋತ ನಾಯಕನು ಜನರ ವಿಶ್ವಾಸವನ್ನು ಕಳೆದುಕೊಂಡನೆಂದು ಇನ್ನೊಂದು. ದಿನಪತ್ರಿಕೆಗಳಲ್ಲಿ ಹುಟ್ಟಿದ ಈ ಮಾತುಗಳು ಯಾವ ಪರೀಕ್ಷೆಗೂ ಒಳಗಾಗದೆ ಇತಿಹಾಸ ಮತ್ತು ರಾಜ್ಯಶಾಸ್ತ್ರದ ಬರೆಹಗಳನ್ನೂ ಪ್ರವೇಶಿಸಿವೆ. ಗೆಲುವನ್ನು ವಿಶ್ವಾಸವೆಂದೂ ಸೋಲನ್ನು ಅವಿಶ್ವಾಸವೆಂದೂ ಓದುವ ಈ ಪದ್ಧತಿ ಎಷ್ಟರಮಟ್ಟಿಗೆ ಸರಿಯೆಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ. ಪರಿಶೀಲನೆಗೆ ನಾವು ಆರಿಸಿಕೊಂಡಿರುವುದು ಬೆಳಗಾವಿ ಜಿಲ್ಲೆಯ ಉತ್ತರ ಭಾಗದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಸೀಮೆಯನ್ನು.

ಈ ಆಯ್ಕೆಗೆ ಕಾರಣವುಂಟು. ೨೦೧೩ರಿಂದ ೨೦೨೪ರವರೆಗಿನ ಹನ್ನೊಂದು ವರ್ಷಗಳಲ್ಲಿ ಇಲ್ಲಿಯ ಮತದಾರರು ಒಬ್ಬ ನಾಯಕನನ್ನು ಸೋಲಿಸಿ ಮತ್ತೆ ಗೆಲ್ಲಿಸಿದ್ದಾರೆ. ಪಕ್ಷ ಬಿಟ್ಟವನನ್ನು ಒಮ್ಮೆ ಒಪ್ಪಿ ಇನ್ನೊಮ್ಮೆ ತಿರಸ್ಕರಿಸಿದ್ದಾರೆ. ಒಂದು ಮನೆತನವನ್ನು ವಿಧಾನಸಭೆಗೆ ಕಳುಹಿಸಿ ಅದೇ ಮನೆತನಕ್ಕೆ ಲೋಕಸಭೆಯ ಬಾಗಿಲನ್ನು ಮುಚ್ಚಿದ್ದಾರೆ. ಇಷ್ಟು ವಿಧದ ನಿದರ್ಶನಗಳು ಇಷ್ಟು ಕಿರಿದಾದ ಪ್ರದೇಶದಲ್ಲಿ ಒಟ್ಟಿಗೆ ದೊರೆಯುವುದು ಅಪರೂಪ. ಇವನ್ನು ಕಂಡು ಹೊರಗಿನವರು ಇಲ್ಲಿಯ ಮತದಾರರನ್ನು ಚಂಚಲರೆಂದೋ ಹಣಕ್ಕೆ ಒಲಿಯುವವರೆಂದೋ ಜಾತಿಯ ಕಟ್ಟಿಗೆ ಸಿಕ್ಕವರೆಂದೋ ಹೇಳಿಬಿಡುವುದುಂಟು. ಒಂದು ಸೀಮೆಯ ಜನರ ಮೇಲೆ ಹೊರಿಸುವ ಇಂಥ ಆರೋಪ ಸಣ್ಣದಲ್ಲ. ಅದು ನಿಜವಾದರೆ ಪ್ರಜಾಪ್ರಭುತ್ವದಲ್ಲಿ ನಾವು ಇಟ್ಟಿರುವ ಭರವಸೆಯೇ ಹುಸಿಯಾಗುತ್ತದೆ. ಸುಳ್ಳಾದರೆ ಆ ಜನರಿಗೆ ಅನ್ಯಾಯವಾಗುತ್ತದೆ. ಆದಕಾರಣ ಇದನ್ನು ಸಾಕ್ಷ್ಯದ ಮೇಲೆ ತೂಗಿ ನೋಡುವುದು ಇತಿಹಾಸದ ಅಭ್ಯಾಸಿಗಳ ಕರ್ತವ್ಯವೆಂದು ನಾವು ಭಾವಿಸುತ್ತೇವೆ.

೧

ಮೊದಲು ಈ ಸೀಮೆಯ ರಾಜಕೀಯ ಹಿನ್ನೆಲೆಯನ್ನು ಸಂಕ್ಷೇಪವಾಗಿ ನೆನೆಯಬೇಕು. ಚಿಕ್ಕೋಡಿ ಮತ್ತು ಅಥಣಿ ಮುಂಬಯಿ ಪ್ರಾಂತದ ಬ್ರಿಟಿಷ್ ಆಡಳಿತಕ್ಕೆ ಸೇರಿದ್ದವು. ರಾಯಬಾಗವು ಕೊಲ್ಲಾಪುರ ಸಂಸ್ಥಾನದ ಭಾಗವಾಗಿದ್ದು, ಆ ಸಂಸ್ಥಾನವು ೧೯೪೯ರಲ್ಲಿ ಮುಂಬಯಿ ರಾಜ್ಯದಲ್ಲಿ ವಿಲೀನವಾದಾಗ ಜಿಲ್ಲೆಗೆ ಸೇರಿತು. ನಿಪ್ಪಾಣಿಯಲ್ಲಿ ದೇಸಗತಿಯ ನೆನಪು ಇನ್ನೂ ಮಾಸಿಲ್ಲ. ೧೯೫೬ರ ರಾಜ್ಯ ಪುನರ್ವಿಂಗಡಣೆಯಿಂದ ಇವೆಲ್ಲವೂ ಅಂದಿನ ಮೈಸೂರು ರಾಜ್ಯಕ್ಕೆ ಬಂದವು. ಅರಸನಿಗೆ ಮುಜುರೆ ಸಲ್ಲಿಸಿದ್ದ ಮನುಷ್ಯನೇ ಕೆಲವು ವರ್ಷಗಳ ಅಂತರದಲ್ಲಿ ಮತಪತ್ರವನ್ನು ಕೈಯಲ್ಲಿ ಹಿಡಿದನು. ಪ್ರಜೆಯ ನಿಷ್ಠೆ ಹುಟ್ಟಿನೊಡನೆ ಬರುವಂಥದು; ಮತದಾರನ ವಿಶ್ವಾಸವಾದರೋ ಅವಧಿ ಮುಗಿದೊಡನೆ ಮರುಪರೀಕ್ಷೆಗೆ ಒಳಗಾಗುವಂಥದು. ಈ ಸೀಮೆಯ ಜನರು ಎರಡನೆಯದನ್ನು ಎಷ್ಟು ಬೇಗ ಕಲಿತರೆಂಬುದನ್ನು ಚಿಕ್ಕೋಡಿ ಲೋಕಸಭಾ ಕ್ಷೇತ್ರದ ಇತಿಹಾಸವೇ ಹೇಳುತ್ತದೆ.

೧೯೫೭ರಲ್ಲಿ, ಗಡಿಯ ಪ್ರಶ್ನೆ ಕಾವೇರಿದ್ದ ಸಮಯದಲ್ಲಿ, ಇಲ್ಲಿಂದ ಆಯ್ಕೆಯಾದವರು ಶೆಡ್ಯೂಲ್ಡ್ ಕಾಸ್ಟ್ಸ್ ಫೆಡರೇಶನ್ನಿನ ಶ್ರೀ ದತ್ತಾ ಅಪ್ಪಾ ಕಟ್ಟಿಯವರು. ೧೯೬೭ರಿಂದ ೧೯೯೧ರವರೆಗಿನ ಏಳು ಚುನಾವಣೆಗಳಲ್ಲಿ ಕಾಂಗ್ರೆಸ್ಸಿನ ಶ್ರೀ ಬಿ. ಶಂಕರಾನಂದರು ಸತತವಾಗಿ ಗೆದ್ದರು. ಕೇಂದ್ರದಲ್ಲಿ ಆರೋಗ್ಯ, ಜಲಸಂಪನ್ಮೂಲ, ಪೆಟ್ರೋಲಿಯಂ ಮೊದಲಾದ ಖಾತೆಗಳನ್ನು ನಿರ್ವಹಿಸಿದರು. ೧೯೯೬ರಲ್ಲಿ ಜನತಾದಳದ ಶ್ರೀಮತಿ ರತ್ನಮಾಲಾ ಸವಣೂರರ ಎದುರು ಅವರು ಸೋತರು. ಅನಂತರ ಶ್ರೀ ರಮೇಶ ಜಿಗಜಿಣಗಿಯವರು ೧೯೯೮ರಲ್ಲಿ ಲೋಕಶಕ್ತಿಯಿಂದ, ೧೯೯೯ರಲ್ಲಿ ಸಂಯುಕ್ತ ಜನತಾದಳದಿಂದ, ೨೦೦೪ರಲ್ಲಿ ಭಾರತೀಯ ಜನತಾ ಪಕ್ಷದಿಂದ, ಹೀಗೆ ಮೂರು ಚುನಾವಣೆಗಳನ್ನು ಮೂರು ಪಕ್ಷಗಳಿಂದ ಗೆದ್ದರು.

ಇಲ್ಲಿ ಎರಡು ಸಂಗತಿಗಳು ವಿಚಾರಣೀಯವಾಗಿವೆ. ಒಬ್ಬರು ಪಕ್ಷ ಬದಲಿಸದೆ ಏಳು ಸಲ ಗೆದ್ದರು. ಇನ್ನೊಬ್ಬರು ಪ್ರತಿಸಲವೂ ಪಕ್ಷ ಬದಲಿಸಿ ಮೂರು ಸಲ ಗೆದ್ದರು. ಮತದಾರನು ಪಕ್ಷವನ್ನು ನೋಡುತ್ತಾನೆಂದರೆ ಎರಡನೆಯ ಸಂಗತಿ ಅಡ್ಡಬರುತ್ತದೆ. ವ್ಯಕ್ತಿಯನ್ನು ಮಾತ್ರ ನೋಡುತ್ತಾನೆಂದರೆ, ಏಳು ಸಲ ಒಪ್ಪಿದ ವ್ಯಕ್ತಿಯನ್ನು ಎಂಟನೆಯ ಸಲ ಬಿಟ್ಟುದೇಕೆಂಬ ಪ್ರಶ್ನೆ ಉಳಿಯುತ್ತದೆ. ಪಕ್ಷನಿಷ್ಠೆ ಮತ್ತು ವ್ಯಕ್ತಿನಿಷ್ಠೆ ಎಂಬ ಎರಡು ಪೆಟ್ಟಿಗೆಗಳಲ್ಲಿ ಯಾವುದರಲ್ಲಿಟ್ಟರೂ ಈ ಕ್ಷೇತ್ರದ ಇತಿಹಾಸ ಪೂರ್ಣವಾಗಿ ಅಡಕವಾಗುವುದಿಲ್ಲ.

೨

ಇನ್ನು ಸಾಮಾನ್ಯವಾಗಿ ಕೊಡುವ ಕಾರಣಗಳನ್ನು ಒಂದೊಂದಾಗಿ ಪರಿಶೀಲಿಸೋಣ. ಅವುಗಳಲ್ಲಿ ಮುಖ್ಯವಾದವು ಮೂರು: ಅಲೆ, ಜಾತಿ ಮತ್ತು ಹಣ.

ಅಲೆಯ ವಾದವನ್ನು ತೆಗೆದುಕೊಳ್ಳುವುದಾದರೆ, ೨೦೧೩ರ ವಿಧಾನಸಭಾ ಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷವು ರಾಜ್ಯದಲ್ಲಿ ೪೦ ಸ್ಥಾನಗಳಿಗೆ ಕುಸಿಯಿತು. ಆ ಕುಸಿತದ ನಡುವೆಯೂ ಅಥಣಿ, ಕಾಗವಾಡ, ರಾಯಬಾಗ ಮತ್ತು ನಿಪ್ಪಾಣಿಗಳಲ್ಲಿ ಗೆದ್ದುದು ಅದೇ ಪಕ್ಷ. ೨೦೧೮ರಲ್ಲಿ ಆ ಪಕ್ಷ ೧೦೪ ಸ್ಥಾನಗಳೊಡನೆ ರಾಜ್ಯದ ಅತಿದೊಡ್ಡ ಪಕ್ಷವಾಯಿತು. ಆಗ ಅಥಣಿ ಮತ್ತು ಕಾಗವಾಡಗಳು ಅದರ ಕೈ ಬಿಟ್ಟವು. ೨೦೨೩ರಲ್ಲಿ ಕಾಂಗ್ರೆಸ್ಸು ೧೩೫ ಸ್ಥಾನಗಳನ್ನು ಗಳಿಸಿತು. ಆಗಲೂ ನಿಪ್ಪಾಣಿಯಲ್ಲಿ ಶ್ರೀಮತಿ ಶಶಿಕಲಾ ಜೊಲ್ಲೆಯವರು ಮೂರನೆಯ ಸಲ, ರಾಯಬಾಗದಲ್ಲಿ ಶ್ರೀ ದುರ್ಯೋಧನ ಐಹೊಳೆಯವರು ನಾಲ್ಕನೆಯ ಸಲ ಭಾರತೀಯ ಜನತಾ ಪಕ್ಷದಿಂದಲೇ ಗೆದ್ದರು. ಐಹೊಳೆಯವರ ಅಂತರ ಮೂರು ಸಾವಿರಕ್ಕಿಂತ ಕಡಿಮೆಯಾಗಿದ್ದಿತೆಂಬುದು ನಿಜ. ಆದರೂ ರಾಜ್ಯವು ಒಂದು ಕಡೆಗೆ ವಾಲಿದಾಗ ಈ ಕ್ಷೇತ್ರಗಳು ಇನ್ನೊಂದು ಕಡೆಗೆ ನಿಂತುವೆಂಬುದು ಸ್ಪಷ್ಟ. ರಾಜ್ಯದ ಅಲೆ ತಾಲ್ಲೂಕಿನ ಎಲ್ಲೆಯಲ್ಲಿ ನಿಂತುಬಿಡುವುದಾದರೆ, ಅದನ್ನು ತಡೆದ ದಡ ಯಾವುದೆಂದು ಕೇಳಬೇಕಾಗುತ್ತದೆ.

ಜಾತಿಯ ವಾದವು ಇದಕ್ಕಿಂತ ಬಲವಾದುದು. ಲಿಂಗಾಯತ ಒಳಪಂಗಡಗಳು, ಜೈನರು, ಮರಾಠರು, ಕುರುಬರು, ಪರಿಶಿಷ್ಟರು, ಮುಸಲ್ಮಾನರು, ಇವರೆಲ್ಲರ ಲೆಕ್ಕ ಹಾಕದೆ ಯಾವ ಪಕ್ಷವೂ ಇಲ್ಲಿ ಅಭ್ಯರ್ಥಿಯನ್ನು ನಿಲ್ಲಿಸುವುದಿಲ್ಲ. ಆದರೆ ತರ್ಕಶಾಸ್ತ್ರದ ಒಂದು ಸಾಮಾನ್ಯ ನಿಯಮವನ್ನು ಇಲ್ಲಿ ಮರೆಯಬಾರದು: ಬದಲಾಗದ ಕಾರಣವು ಬದಲಾದ ಕಾರ್ಯವನ್ನು ವಿವರಿಸಲಾರದು. ಅಥಣಿಯಲ್ಲಿ ೨೦೧೮ರಲ್ಲಿ ಶ್ರೀ ಲಕ್ಷ್ಮಣ ಸವದಿಯವರು ಶ್ರೀ ಮಹೇಶ ಕುಮಠಳ್ಳಿಯವರ ಎದುರು ೨,೩೩೧ ಮತಗಳಿಂದ ಸೋತರು. ೨೦೨೩ರಲ್ಲಿ ಅದೇ ಇಬ್ಬರು ಎದುರಾದಾಗ ಸವದಿಯವರು ೭೬,೧೨೨ ಮತಗಳಿಂದ ಗೆದ್ದರು. ಅಭ್ಯರ್ಥಿಗಳ ಜಾತಿ ಬದಲಾಗಲಿಲ್ಲ. ಐದು ವರ್ಷಗಳಲ್ಲಿ ಕ್ಷೇತ್ರದ ಜಾತಿಗಳ ಪ್ರಮಾಣವೂ ಗಣನೀಯವಾಗಿ ಬದಲಾಗಿರಲಾರದು. ಹೀಗಿರಲಾಗಿ ಎಪ್ಪತ್ತೆಂಟು ಸಾವಿರ ಮತಗಳ ಈ ಹೊರಳನ್ನು ಜಾತಿಯಿಂದ ಮಾತ್ರ ವಿವರಿಸುವುದು ಸಾಧ್ಯವಿಲ್ಲ. ಜಾತಿಯು ಅಭ್ಯರ್ಥಿಯನ್ನು ಕಣದವರೆಗೆ ತಂದು ನಿಲ್ಲಿಸಬಲ್ಲದು. ಕಣದೊಳಗೆ ನಡೆಯುವುದನ್ನೆಲ್ಲ ಅದೇ ನಿರ್ಣಯಿಸುತ್ತದೆಂಬುದಕ್ಕೆ ಆಧಾರ ಸಾಲದು.

ಹಣದ ವಾದಕ್ಕೂ ಇದೇ ಉತ್ತರ ಸಲ್ಲುತ್ತದೆ. ಚುನಾವಣೆಯಲ್ಲಿ ಹಣ ಹರಿಯುತ್ತದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಇಲ್ಲಿ ಪರಸ್ಪರ ಎದುರಾಗುವ ಅಭ್ಯರ್ಥಿಗಳು ಬಹುಮಟ್ಟಿಗೆ ಸಮಾನ ಅನುಕೂಲವುಳ್ಳವರು. ಸಕ್ಕರೆ ಕಾರ್ಖಾನೆ, ಸಹಕಾರಿ ಸಂಘ, ವಿದ್ಯಾಸಂಸ್ಥೆಗಳನ್ನು ನಡೆಸುವವರು. ಇಬ್ಬರೂ ಹಣವಂತರಾಗಿದ್ದು ಒಬ್ಬನು ಮಾತ್ರ ಸೋತಾಗ, ಸೋಲಿನ ಕಾರಣವನ್ನು ಬೇರೆ ಕಡೆ ಹುಡುಕಬೇಕಾಗುತ್ತದೆ.

೩

ಈ ಹುಡುಕಾಟದಲ್ಲಿ ನಮಗೆ ಮೊದಲು ಗೋಚರಿಸುವ ಸಂಗತಿಯೆಂದರೆ, ಮತದಾರನು ತನ್ನ ವಿಶ್ವಾಸವನ್ನು ಒಂದೇ ಗಂಟಿನಲ್ಲಿ ಕಟ್ಟಿ ಕೊಡುವುದಿಲ್ಲವೆಂಬುದು. ಯಾವ ಕೆಲಸಕ್ಕೆ ಯಾರೆಂಬ ವಿವೇಚನೆ ಅವನಲ್ಲಿದೆ.

ಚಿಕ್ಕೋಡಿಯ ಹುಕ್ಕೇರಿ ಮನೆತನದ ನಿದರ್ಶನವನ್ನು ನೋಡಬಹುದು. ಶ್ರೀ ಪ್ರಕಾಶ ಹುಕ್ಕೇರಿಯವರು ೨೦೦೮ ಮತ್ತು ೨೦೧೩ರಲ್ಲಿ ಚಿಕ್ಕೋಡಿ-ಸದಲಗಾ ವಿಧಾನಸಭಾ ಕ್ಷೇತ್ರದಿಂದ ಗೆದ್ದರು. ಆದರೆ ಅವರೇ ಲೋಕಸಭೆಗೆ ನಿಂತಾಗ ೨೦೦೯ರಲ್ಲಿ ಶ್ರೀ ರಮೇಶ ಕತ್ತಿಯವರೆದುರು ೫೫,೨೮೭ ಮತಗಳಿಂದ ಸೋತರು. ೨೦೧೪ರಲ್ಲಿ ಅವರನ್ನೇ ಕೇವಲ ೩,೦೦೩ ಮತಗಳಿಂದ ಸೋಲಿಸಿದರು. ೨೦೧೯ರಲ್ಲಿ ಶ್ರೀ ಅಣ್ಣಾಸಾಹೇಬ ಜೊಲ್ಲೆಯವರೆದುರು ೧,೧೮,೮೭೭ ಮತಗಳಿಂದ ಸೋತರು. ಅದಕ್ಕೆ ಒಂದು ವರ್ಷ ಮುಂಚೆ, ೨೦೧೮ರ ವಿಧಾನಸಭಾ ಚುನಾವಣೆಯಲ್ಲಿ, ಪ್ರಕಾಶ ಹುಕ್ಕೇರಿಯವರ ಮಗ ಶ್ರೀ ಗಣೇಶ ಹುಕ್ಕೇರಿಯವರು ಇದೇ ಜೊಲ್ಲೆಯವರನ್ನು ಚಿಕ್ಕೋಡಿ-ಸದಲಗಾದಲ್ಲಿ ಹತ್ತು ಸಾವಿರಕ್ಕೂ ಮಿಕ್ಕ ಅಂತರದಿಂದ ಸೋಲಿಸಿದ್ದರು. ೨೦೨೩ರಲ್ಲಿ ಗಣೇಶ ಹುಕ್ಕೇರಿಯವರು ಇನ್ನೂ ಹೆಚ್ಚಿನ ಅಂತರದಿಂದ ಗೆದ್ದರು. ೨೦೨೪ರಲ್ಲಿ ಜೊಲ್ಲೆಯವರು ಕಾಂಗ್ರೆಸ್ಸಿನ ಕುಮಾರಿ ಪ್ರಿಯಾಂಕಾ ಜಾರಕಿಹೊಳಿಯವರೆದುರು ೯೦,೮೩೪ ಮತಗಳಿಂದ ಲೋಕಸಭಾ ಸ್ಥಾನವನ್ನು ಕಳೆದುಕೊಂಡರು. ಲೋಕಸಭಾ ಕ್ಷೇತ್ರವು ಎಂಟು ವಿಧಾನಸಭಾ ಕ್ಷೇತ್ರಗಳಷ್ಟು ವಿಸ್ತಾರವಾದುದೆಂಬುದನ್ನು ಇಲ್ಲಿ ಗಮನದಲ್ಲಿಡಬೇಕು. ಆದರೂ, ೨೦೧೯ರಲ್ಲಿ ಪ್ರಕಾಶ ಹುಕ್ಕೇರಿಯವರು ಜನರ ವಿಶ್ವಾಸವನ್ನು ಕಳೆದುಕೊಂಡರೆಂದು ಬರೆಯುವವನು, ಅದೇ ಮನೆತನದ ಮೇಲೆ ಚಿಕ್ಕೋಡಿಯ ಜನರು ೨೦೧೮ರಲ್ಲಿಯೂ ೨೦೨೩ರಲ್ಲಿಯೂ ಇಟ್ಟ ವಿಶ್ವಾಸಕ್ಕೆ ಏನೆಂದು ಹೆಸರಿಡುವನು?

ಇದು ಈ ಸೀಮೆಗೆ ಮಾತ್ರ ಸೀಮಿತವಾದ ವಿವೇಚನೆಯಲ್ಲ. ೧೯೮೪ರ ಡಿಸೆಂಬರಿನಲ್ಲಿ ಕರ್ನಾಟಕದ ಮತದಾರರು ಲೋಕಸಭೆಯ ೨೮ ಸ್ಥಾನಗಳಲ್ಲಿ ೨೪ನ್ನು ಕಾಂಗ್ರೆಸ್ಸಿಗೆ ಕೊಟ್ಟರು. ಆ ಫಲಿತಾಂಶವನ್ನು ತಮ್ಮ ಸರಕಾರದ ಮೇಲಿನ ಅವಿಶ್ವಾಸವೆಂದು ಓದಿದ ಮುಖ್ಯಮಂತ್ರಿ ಶ್ರೀ ರಾಮಕೃಷ್ಣ ಹೆಗಡೆಯವರು ರಾಜೀನಾಮೆಯಿತ್ತು ಹೊಸ ಚುನಾವಣೆ ಕೇಳಿದರು. ೧೯೮೫ರ ಮಾರ್ಚಿನಲ್ಲಿ ಅದೇ ಮತದಾರರು ವಿಧಾನಸಭೆಯ ೨೨೪ ಸ್ಥಾನಗಳಲ್ಲಿ ೧೩೯ನ್ನು ಅವರ ಜನತಾ ಪಕ್ಷಕ್ಕೆ ಕೊಟ್ಟರು. ಇಂಗ್ಲೆಂಡಿನ ಚರ್ಚಿಲ್ ಮಹಾಶಯನು ಯುದ್ಧವನ್ನು ಗೆದ್ದು ೧೯೪೫ರ ಚುನಾವಣೆಯಲ್ಲಿ ಸೋತನು. ಆರು ವರ್ಷಗಳ ಬಳಿಕ, ೧೯೫೧ರಲ್ಲಿ, ಮರಳಿ ಪ್ರಧಾನಿಯಾದನು. ಯುದ್ಧಕಾಲಕ್ಕೆ ಬೇಕಾದ ನಾಯಕನೇ ಮನೆ ಕಟ್ಟುವ ಕಾಲಕ್ಕೂ ಬೇಕೆಂದು ಮತದಾರರು ತಿಳಿಯಲಿಲ್ಲ. ಈ ಎಲ್ಲ ಕಡೆಗಳಲ್ಲಿಯೂ ಸೋಲು ಒಂದು ಹುದ್ದೆಗೆ ಸಂಬಂಧಿಸಿದ ಉತ್ತರವಾಗಿತ್ತೇ ಹೊರತು, ಮನುಷ್ಯನ ಮೇಲಿನ ತೀರ್ಪಾಗಿರಲಿಲ್ಲ.

೪

ಹಾಗಾದರೆ ವಿಶ್ವಾಸವನ್ನು ಅಳೆಯುವ ಮಾನದಂಡ ಯಾವುದು? ನಮಗೆ ತೋರುವಂತೆ, ನಾಯಕನ ಕೈಯಲ್ಲಿದ್ದುದನ್ನು ಅವನು ಮಾಡಿದನೇ ಇಲ್ಲವೇ ಎಂಬುದೇ ಆ ಮಾನದಂಡ. ಕೈಯಲ್ಲಿಲ್ಲದ್ದನ್ನು ಮಾಡದೆ ಹೋದರೆ ಮತದಾರನು ಬಹುಮಟ್ಟಿಗೆ ಕ್ಷಮಿಸುತ್ತಾನೆ. ಕೈಯಲ್ಲಿದ್ದುದನ್ನು ಮಾಡದವನನ್ನು ಕ್ಷಮಿಸುವುದಿಲ್ಲ.

ಚಿಕ್ಕೋಡಿ ಜಿಲ್ಲೆಯ ಬೇಡಿಕೆಯೇ ಇದಕ್ಕೆ ಮೊದಲನೆಯ ಸಾಕ್ಷಿ. ೧೯೯೭ರಲ್ಲಿ ಶ್ರೀ ಜೆ. ಎಚ್. ಪಟೇಲರ ಸರಕಾರವು ಹೊಸ ಜಿಲ್ಲೆಗಳನ್ನು ರಚಿಸಿದಾಗ ಚಿಕ್ಕೋಡಿಯ ಹೆಸರನ್ನೂ ಪ್ರಕಟಿಸಿ, ಬೆಳಗಾವಿ ಜಿಲ್ಲೆ ಒಡೆದರೆ ಗಡಿಯ ವಿವಾದದಲ್ಲಿ ಕನ್ನಡದ ಪಕ್ಷ ದುರ್ಬಲವಾಗುತ್ತದೆಂಬ ವಿರೋಧ ಬಂದುದರಿಂದ ಹಿಂತೆಗೆದುಕೊಂಡಿತು. ಅಲ್ಲಿಂದೀಚೆಗೆ ಎಲ್ಲ ಪಕ್ಷಗಳ ನಾಯಕರೂ ಈ ಜಿಲ್ಲೆಯ ಮಾತನ್ನು ಆಡಿದ್ದಾರೆ. ಆ ಮಾತು ಈಡೇರದಿದ್ದುದರಿಂದಲೇ ಯಾವನೊಬ್ಬ ನಾಯಕ ಸೋತನೆಂದು ಹೇಳಲು ಫಲಿತಾಂಶಗಳಲ್ಲಿ ಆಧಾರ ಕಾಣುವುದಿಲ್ಲ. ಒಬ್ಬ ಶಾಸಕನಿಂದ ಆಗದ ಕೆಲಸವಿದೆಂಬುದನ್ನು ಮತದಾರನು ಬಲ್ಲನು. ಭರವಸೆ ಮುರಿದರೆ ವಿಶ್ವಾಸ ಮುರಿಯುತ್ತದೆಂಬ ಸಾಮಾನ್ಯ ಸೂತ್ರವನ್ನು ಆದಕಾರಣ ತಿದ್ದಿಕೊಳ್ಳಬೇಕು. ಮತದಾರನು ಭರವಸೆಯ ಗಾತ್ರಕ್ಕಿಂತ ಅದನ್ನು ಕೊಟ್ಟವನ ಕೈಯಳತೆಯನ್ನು ನೋಡುತ್ತಾನೆ.

ಕೈಯಳತೆಯೊಳಗಿನ ಕೆಲಸಗಳು ಯಾವುವು? ೨೦೧೯ನೆಯ ವರ್ಷವನ್ನು ನೆನೆದರೆ ಸಾಕು. ಆ ಬೇಸಗೆಯಲ್ಲಿ ಕೃಷ್ಣಾ ನದಿ ಬತ್ತಿಹೋಗಿ ಕೊಯ್ನಾ ಜಲಾಶಯದಿಂದ ನೀರು ಬಿಡಿಸಬೇಕೆಂದು ಮಹಾರಾಷ್ಟ್ರವನ್ನು ಕೇಳಬೇಕಾಯಿತು; ಆಗಸ್ಟಿನಲ್ಲಿ ಅದೇ ಕೃಷ್ಣೆ ದೂಧಗಂಗಾ ವೇದಗಂಗೆಗಳೊಡನೆ ಉಕ್ಕಿ ಈ ಎಲ್ಲ ತಾಲ್ಲೂಕುಗಳ ನದೀತೀರದ ಊರುಗಳನ್ನು ಮುಳುಗಿಸಿತು. ಕೊಯ್ನೆಯ ನೀರು ಬಿಡಿಸುವುದು ಶಾಸಕನ ಕೈಯಲ್ಲಿಲ್ಲ. ಆದರೆ ನೆರೆ ಬಂದ ರಾತ್ರಿ ದೋಣಿ ತರಿಸುವುದು, ಗಂಜಿಕೇಂದ್ರದಲ್ಲಿ ಜನರೊಡನೆ ನಿಲ್ಲುವುದು, ದನಕರುಗಳಿಗೆ ಮೇವು ಒದಗಿಸುವುದು, ಬಿದ್ದ ಮನೆಯ ಪಂಚನಾಮೆಯಲ್ಲಿ ಬಡವನ ಹೆಸರು ಬಿಟ್ಟುಹೋಗದಂತೆ ನೋಡಿಕೊಳ್ಳುವುದು, ಇವು ಅವನ ಕೈಯಲ್ಲಿವೆ. ಹಾಗೆಯೇ ಕಬ್ಬಿನ ದರವನ್ನು ಅವನೊಬ್ಬನೇ ನಿಗದಿ ಮಾಡಲಾರನು. ಆದರೆ ತನ್ನ ಹಿಡಿತದ ಕಾರ್ಖಾನೆಯ ತೂಕದ ಕಾಟಾದಲ್ಲಿ ಮೋಸವಾಗದಂತೆ, ಕಬ್ಬಿನ ಬಿಲ್ಲು ಹೊತ್ತಿಗೆ ಸರಿಯಾಗಿ ಬರುವಂತೆ, ಸಣ್ಣ ರೈತನ ಕಬ್ಬು ಹೊಲದಲ್ಲಿ ಒಣಗುವ ಮುಂಚೆ ಕಡಿಯುವ ಗ್ಯಾಂಗು ಹೋಗುವಂತೆ ಮಾಡಬಲ್ಲನು. ಈ ಭಾಗದ ಜನರು ನಾಯಕನನ್ನು ಹೊಗಳುವಾಗ "ಕೈಗೆ ಸಿಗುವ ಮನುಷ್ಯ" ಎನ್ನುವರು. ಈ ಮೂರು ಶಬ್ದಗಳಲ್ಲಿ ಒಂದು ರಾಜ್ಯಶಾಸ್ತ್ರವೇ ಅಡಗಿದೆಯೆಂದರೆ ಅತಿಶಯೋಕ್ತಿಯಾಗದು.

ಕೈಗೆ ಸಿಗುವವನು ಊರಿನವನೇ ಆಗಿರಬೇಕೆಂಬ ನಿಯಮವೂ ಇಲ್ಲ. ೧೯೮೧ರಲ್ಲಿ ನಿಪ್ಪಾಣಿಯ ತಂಬಾಕು ಬೆಳೆಗಾರರು ನ್ಯಾಯವಾದ ಬೆಲೆಗಾಗಿ ಹೆದ್ದಾರಿಯ ಮೇಲೆ ವಾರಗಟ್ಟಲೆ ಕುಳಿತಾಗ ಅವರ ನಾಯಕತ್ವ ವಹಿಸಿದವರು ಮಹಾರಾಷ್ಟ್ರದ ಶೇತಕರಿ ಸಂಘಟನೆಯ ಶ್ರೀ ಶರದ್ ಜೋಶಿಯವರು. ಅದೇ ವರ್ಷದ ಏಪ್ರಿಲ್ ೬ರಂದು ನಡೆದ ಗೋಲೀಬಾರಿನಲ್ಲಿ ಹಲವು ರೈತರು ಪ್ರಾಣ ಕಳೆದುಕೊಂಡರು. ಅಲ್ಲಿಯ ತಂಬಾಕು ಕಾರ್ಮಿಕರನ್ನು ಸಂಘಟಿಸಿದ ಪ್ರೊ. ಸುಭಾಷ ಜೋಶಿಯವರು ಮುಂದೆ ನಿಪ್ಪಾಣಿಯ ಶಾಸಕರೂ ಆದರು. ಗಡಿಯ ಭಾಷಾವಿವಾದವೇ ಇಲ್ಲಿಯ ಏಕೈಕ ರಾಜಕೀಯವೆಂದು ಭಾವಿಸುವವರು ಈ ಘಟನೆಯನ್ನು ನೆನೆಯಬೇಕು. ಕಷ್ಟದಲ್ಲಿ ಜೊತೆಗೆ ಕುಳಿತವನ ಭಾಷೆ ಯಾವುದೆಂದು ಬೆಳೆಗಾರರು ಅಂದು ಕೇಳಲಿಲ್ಲ.

೫

ಈ ಮಾನದಂಡವನ್ನು ಅತ್ಯಂತ ಕಠಿಣವಾದ ನಿದರ್ಶನದ ಮೇಲೆ ಪರೀಕ್ಷಿಸಬೇಕು. ಅದು ಪಕ್ಷಾಂತರದ ನಿದರ್ಶನ.

೨೦೧೮ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದ ಅಥಣಿಯ ಕುಮಠಳ್ಳಿಯವರೂ ಕಾಗವಾಡದ ಶ್ರೀ ಶ್ರೀಮಂತ ಪಾಟೀಲರೂ ೨೦೧೯ರ ಜುಲೈಯಲ್ಲಿ ಸರಕಾರವು ಉರುಳಿದ ಸಂದರ್ಭದಲ್ಲಿ ಸಭಾಧ್ಯಕ್ಷರಿಂದ ಅನರ್ಹರಾದರು. ಆ ಪ್ರಕರಣವು ಸರ್ವೋಚ್ಚ ನ್ಯಾಯಾಲಯದ ದಾಖಲೆಯಲ್ಲಿ ಕಾಗವಾಡದ ಪಾಟೀಲರ ಹೆಸರಿನಲ್ಲಿಯೇ ಪ್ರಸಿದ್ಧವಾಗಿದೆ. ೨೦೧೯ರ ನವೆಂಬರ್ ೧೩ರ ತೀರ್ಪಿನಲ್ಲಿ ನ್ಯಾಯಾಲಯವು ಅನರ್ಹತೆಯನ್ನು ಎತ್ತಿಹಿಡಿಯಿತು. ಆದರೆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಚುನಾವಣೆಗೆ ನಿಲ್ಲಬಾರದೆಂಬ ನಿರ್ಬಂಧವನ್ನು ತೆಗೆದುಹಾಕಿತು. ಇದರಿಂದ ಪ್ರಶ್ನೆ ಮರಳಿ ಮತದಾರನ ಮುಂದೆ ಬಂದಿತು. ಡಿಸೆಂಬರ್ ೫ರ ಉಪಚುನಾವಣೆಯಲ್ಲಿ ಭಾರತೀಯ ಜನತಾ ಪಕ್ಷದಿಂದ ನಿಂತ ಕುಮಠಳ್ಳಿಯವರು ೩೯,೯೮೯ ಮತಗಳಿಂದಲೂ ಪಾಟೀಲರು ೧೮,೫೫೭ ಮತಗಳಿಂದಲೂ ಗೆದ್ದರು. ನ್ಯಾಯಾಲಯ ಅನರ್ಹರೆಂದವರನ್ನು ಜನರು ಅರ್ಹರೆಂದರೆಂದು ಅಂದು ಅನೇಕರು ಖೇದಪಟ್ಟರು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ೨೦೨೩ರಲ್ಲಿ ಅದೇ ಮತದಾರರು ಇಬ್ಬರನ್ನೂ ಸೋಲಿಸಿದರು. ಸೋಲಿಸಿದುದು ಪಕ್ಷನಿಷ್ಠರ ಮೂಲಕವೂ ಅಲ್ಲ. ಅಥಣಿಯಲ್ಲಿ ಗೆದ್ದ ಸವದಿಯವರು ಚುನಾವಣೆಗೆ ಕೆಲವೇ ವಾರಗಳ ಮುಂಚೆ, ಟಿಕೆಟ್ಟು ದೊರೆಯದೆ, ಭಾರತೀಯ ಜನತಾ ಪಕ್ಷವನ್ನು ಬಿಟ್ಟು ಕಾಂಗ್ರೆಸ್ಸಿಗೆ ಬಂದವರು. ಕಾಗವಾಡದಲ್ಲಿ ೮,೮೨೭ ಮತಗಳಿಂದ ಗೆದ್ದ ಶ್ರೀ ರಾಜು ಕಾಗೆಯವರೂ ಮೊದಲು ಅದೇ ಪಕ್ಷದಲ್ಲಿದ್ದು ೨೦೧೯ರಲ್ಲಿ ಕಾಂಗ್ರೆಸ್ಸಿಗೆ ಬಂದವರು. ಹೀಗೆ ಎರಡು ಕಡೆಗಳಲ್ಲಿಯೂ ಎದುರಾದವರು ಪರಸ್ಪರ ಪಕ್ಷಗಳನ್ನು ಅದಲುಬದಲು ಮಾಡಿಕೊಂಡವರೇ ಆಗಿದ್ದರು. ಪಕ್ಷಾಂತರವೇ ವಿಶ್ವಾಸಘಾತವೆಂದಾದರೆ ಮತದಾರನಿಗೆ ಆಯ್ಕೆಯೇ ಇರಲಿಲ್ಲ.

ಕಾಗೆಯವರು ಪಡೆದ ಮತಗಳ ಸಂಖ್ಯೆಯನ್ನು ಗಮನಿಸುವುದು ಬೋಧಪ್ರದವಾಗಿದೆ. ಭಾರತೀಯ ಜನತಾ ಪಕ್ಷದಿಂದ ೨೦೧೮ರಲ್ಲಿ ೫೦,೧೧೮. ಕಾಂಗ್ರೆಸ್ಸಿನಿಂದ ೨೦೧೯ರಲ್ಲಿ ೫೮,೩೯೫. ಅದೇ ಪಕ್ಷದಿಂದ ೨೦೨೩ರಲ್ಲಿ ೮೩,೩೮೭. ಪಕ್ಷ ಬದಲಿಸಿದಾಗ ಹೆಚ್ಚಿದುದು ಎಂಟು ಸಾವಿರ. ಪಕ್ಷ ಬದಲಿಸದೆ, ಅಧಿಕಾರವಿಲ್ಲದೆ ಮೂರು ವರ್ಷಕ್ಕೂ ಮಿಕ್ಕು ಜನರ ನಡುವೆ ಕಳೆದ ಮೇಲೆ ಹೆಚ್ಚಿದುದು ಇಪ್ಪತ್ತೈದು ಸಾವಿರ. ರಾಜ್ಯದ ಗಾಳಿಯೂ ಇದಕ್ಕೆ ನೆರವಾಗಿರಬಹುದು. ಆದರೆ ಅದೇ ಗಾಳಿ ನಿಪ್ಪಾಣಿ ಮತ್ತು ರಾಯಬಾಗಗಳಲ್ಲಿ ಫಲ ಕೊಡಲಿಲ್ಲವೆಂಬುದನ್ನು ಮೇಲೆ ಕಂಡಿದ್ದೇವೆ. ವಿಶ್ವಾಸವು ಕಂತು ಕಂತಾಗಿ ಮರಳಿ ಬರುವುದಕ್ಕೆ ಇದು ನಿದರ್ಶನ.

ಸವದಿಯವರ ಪ್ರಕರಣ ಇನ್ನೂ ಸಂಕೀರ್ಣವಾದುದು. ಅವರು ೨೦೧೨ರ ಫೆಬ್ರವರಿಯಲ್ಲಿ, ಸದನದೊಳಗೆ ಮೊಬೈಲಿನಲ್ಲಿ ಅಶ್ಲೀಲ ದೃಶ್ಯ ವೀಕ್ಷಿಸಿದರೆಂಬ ಪ್ರಕರಣದಿಂದ ಸಚಿವಸ್ಥಾನಕ್ಕೆ ರಾಜೀನಾಮೆಯಿತ್ತರು. ರಾಷ್ಟ್ರದ ಪತ್ರಿಕೆಗಳೆಲ್ಲ ಅದನ್ನು ಖಂಡಿಸಿದವು. ಮರುವರ್ಷವೇ ಅಥಣಿಯ ಮತದಾರರು ಅವರನ್ನು ಮರಳಿ ಆರಿಸಿದರು. ಐದು ವರ್ಷಗಳ ಮೇಲೆ, ಅಂಥ ಯಾವ ಗದ್ದಲವೂ ಇಲ್ಲದಾಗ, ಸೋಲಿಸಿದರು. ಸೋತವರು ೨೦೧೯ರ ಆಗಸ್ಟಿನಲ್ಲಿ ಉಪಮುಖ್ಯಮಂತ್ರಿಯಾದರು. ೨೦೧೯ರ ಉಪಚುನಾವಣೆಯಲ್ಲಿ ತಮ್ಮನ್ನು ಸೋಲಿಸಿದವರ ಗೆಲುವಿಗೇ ದುಡಿದರು. ೨೦೨೩ರಲ್ಲಿ ಪಕ್ಷವು ಟಿಕೆಟ್ಟು ನಿರಾಕರಿಸಿದಾಗ, ೨೦೧೮ರಲ್ಲಿ ೭೯,೭೬೩ ಮತಗಳನ್ನು ಕೊಟ್ಟಿದ್ದ ಕ್ಷೇತ್ರವು ೧,೩೧,೪೦೪ ಮತಗಳನ್ನು ಕೊಟ್ಟಿತು. ನಮಗೆ ತೋರುವ ಮಟ್ಟಿಗೆ, ೨೦೧೮ರ ಆ ಸಣ್ಣ ಅಂತರದ ಸೋಲು ಮೂರು ಅವಧಿಗಳ ಶಾಸಕನಿಗೆ ಕೊಟ್ಟ ಎಚ್ಚರಿಕೆಯಾಗಿತ್ತು, ಸಂಬಂಧದ ಮುಕ್ತಾಯವಾಗಿರಲಿಲ್ಲ. ಪಕ್ಷದ ವರಿಷ್ಠರು ಆ ಸೋಲನ್ನು ಮುಕ್ತಾಯವೆಂದು ಓದಿದರು. ಈ ಲೇಖನದ ಆರಂಭದಲ್ಲಿ ಹೇಳಿದ ತಪ್ಪು ಓದು ಇದೇ.

ಕುಮಠಳ್ಳಿಯವರಿಗೆ ೨೦೧೯ರಲ್ಲಿ ದೊರೆತ ಮತವನ್ನೂ ಈ ಬೆಳಕಿನಲ್ಲಿ ನೋಡಬೇಕು. ನೆರೆ ಇಳಿದು ನಾಲ್ಕು ತಿಂಗಳಾಗಿತ್ತಷ್ಟೆ. ಮನೆ ಕಳೆದುಕೊಂಡವರಿಗೆ ಆಳುವ ಪಕ್ಷದ ಶಾಸಕನೂ ಜಿಲ್ಲೆಗೊಬ್ಬ ಹೆಚ್ಚಿನ ಸಚಿವನೂ ಬೇಕಾಗಿದ್ದರು. ಅದು ಮುಂಗಡವಾಗಿ ಕೊಟ್ಟ ಮತ. ನಡೆದ ಪಕ್ಷಾಂತರಕ್ಕೆ ಕೊಟ್ಟ ಪ್ರಶಸ್ತಿಯಲ್ಲ. ೨೦೨೦ರ ಫೆಬ್ರವರಿಯಲ್ಲಿ ಮಂತ್ರಿಮಂಡಲ ವಿಸ್ತರಣೆಯಾದಾಗ ಕಾಗವಾಡದ ಪಾಟೀಲರು ಸಚಿವರಾದರು. ಅಥಣಿಯ ಕುಮಠಳ್ಳಿಯವರಿಗೆ ಆ ಸ್ಥಾನ ದೊರೆಯಲಿಲ್ಲ. ೨೦೨೩ರಲ್ಲಿ ಮೊದಲನೆಯವರು ಸಣ್ಣ ಅಂತರದಿಂದ, ಎರಡನೆಯವರು ಭಾರಿ ಅಂತರದಿಂದ ಸೋತರು. ಎದುರಾಳಿಗಳ ಬಲದಲ್ಲಿ ವ್ಯತ್ಯಾಸವಿತ್ತೆಂಬುದನ್ನು ಕಳೆದ ಮೇಲೂ ಈ ಅಂತರಗಳ ತಾರತಮ್ಯ ಅರ್ಥವಿಲ್ಲದ್ದಲ್ಲ.

೬

ಇಲ್ಲಿಯವರೆಗಿನ ವಾದಕ್ಕೆ ಒಂದು ಬಲವಾದ ಆಕ್ಷೇಪವುಂಟು. ನಾಯಕನ ಕಾರ್ಖಾನೆಗೆ ಕಬ್ಬು ಹಾಕುವ, ನಾಯಕನ ಸಂಘದಲ್ಲಿ ಸಾಲ ಪಡೆಯುವ, ನಾಯಕನ ಶಾಲೆಯಲ್ಲಿ ಮಗನನ್ನು ಓದಿಸುವ ಮನುಷ್ಯ ಕೊಡುವ ಮತವನ್ನು ವಿಶ್ವಾಸವೆನ್ನಬಹುದೇ? ಅದು ಅವಲಂಬನೆಯಲ್ಲವೇ? ಈ ಆಕ್ಷೇಪವನ್ನು ತಳ್ಳಿಹಾಕಲಾಗದು. ಆದರೆ ಅವಲಂಬನೆ ಮಾತ್ರವೇ ಕಾರಣವಾಗಿದ್ದರೆ ಕಾರ್ಖಾನೆಯ ಒಡೆಯರು ಎಂದೂ ಸೋಲಬಾರದಾಗಿತ್ತು. ಅವರು ಸೋತಿದ್ದಾರೆ, ಸಂಸ್ಥೆಗಳನ್ನು ಹಿಡಿದವರೂ ಸೋತಿದ್ದಾರೆ. ಮತಗಟ್ಟೆಯೊಳಗೆ ಅವಲಂಬಿತನೂ ಒಂದು ಕ್ಷಣ ಸ್ವತಂತ್ರನಾಗುತ್ತಾನೆ; ಆ ಕ್ಷಣವನ್ನು ಈ ಸೀಮೆಯ ಜನರು ಪೋಲು ಮಾಡಿಲ್ಲ.

ಮತದಾರನ ವಿವೇಕವನ್ನು ಎತ್ತಿಹಿಡಿದ ಮಾತ್ರಕ್ಕೆ ಆ ವಿವೇಕದ ಮಿತಿಯನ್ನು ಮುಚ್ಚಿಡುವುದು ವಿಮರ್ಶೆಯೆನಿಸದು. ಕೈಗೆ ಸಿಗುವವನನ್ನೇ ಅಳೆಯುವ ಮಾನದಂಡದಲ್ಲಿ ಒಂದು ದೋಷವಿದೆ: ಒಬ್ಬನ ಕೈಯಲ್ಲಿಲ್ಲದ ಕೆಲಸಗಳಿಗೆ ಯಾರೂ ಹೊಣೆಗಾರರಾಗುವುದಿಲ್ಲ. ೨೦೦೫ರಲ್ಲಿ ನೆರೆ ಬಂದಿತು, ೨೦೧೯ರಲ್ಲಿ ಬಂದಿತು, ೨೦೨೧ರಲ್ಲಿ ಮತ್ತೆ ಬಂದಿತು. ಪ್ರತಿಸಲವೂ ದೋಣಿ ತಂದವನು ಮೆಚ್ಚುಗೆ ಪಡೆದನು. ನದೀತೀರದ ಊರುಗಳಿಗೆ ಶಾಶ್ವತ ಪರಿಹಾರ ಕಾಣಿಸದವರು ಯಾರೆಂಬ ಪ್ರಶ್ನೆ ಮತಗಟ್ಟೆಯವರೆಗೆ ಬರಲಿಲ್ಲ. ಅಥಣಿ ಕಾಗವಾಡಗಳ ಒಣಭೂಮಿಯ ಊರುಗಳು ಖಿಳೇಗಾಂವ ಬಸವೇಶ್ವರ ಏತ ನೀರಾವರಿಯಂಥ ಯೋಜನೆಗಳಿಗಾಗಿ ವರ್ಷಗಟ್ಟಲೆ ಕಾದುದಕ್ಕೂ, ಕಬ್ಬಿನ ದರಕ್ಕಾಗಿ ರೈತರು ೨೦೨೫ರ ಕೊನೆಯಲ್ಲಿ ಗುರ್ಲಾಪುರ ಕ್ರಾಸಿನಲ್ಲಿ ರಸ್ತೆಯ ಮೇಲೆಯೇ ಕೂಡಬೇಕಾಗಿ ಬಂದುದಕ್ಕೂ ಈ ದೋಷದ ಸಂಬಂಧವಿದೆ. ದರದ ಪ್ರಶ್ನೆಯಲ್ಲಿ ಆಳುವ ಪಕ್ಷದವನೂ ವಿರೋಧಪಕ್ಷದವನೂ ಕಾರ್ಖಾನೆಯ ಗೇಟಿನ ಒಂದೇ ಬದಿಯಲ್ಲಿ ನಿಂತಿರುವಾಗ, ಒಬ್ಬನನ್ನು ಸೋಲಿಸಿ ಇನ್ನೊಬ್ಬನನ್ನು ಗೆಲ್ಲಿಸುವುದರಿಂದ ರೈತನ ಹೊಲಕ್ಕೆ ಬರುವ ಲಾಭ ಅಲ್ಪ.

ಎಡ್ಮಂಡ್ ಬರ್ಕನು ೧೭೭೪ರಲ್ಲಿ ಬ್ರಿಸ್ಟಲ್ ನಗರದ ಮತದಾರರಿಗೆ, ಪ್ರತಿನಿಧಿಯು ಅವರ ಅಪ್ಪಣೆಗಿಂತ ತನ್ನ ವಿವೇಚನೆಗೆ ಮೊದಲ ಸ್ಥಾನ ಕೊಡಬೇಕೆಂದು ಹೇಳಿದನು. ಸೋಲು ಖಚಿತವೆಂದು ಕಂಡು ೧೭೮೦ರಲ್ಲಿ ಅದೇ ನಗರದ ಕಣದಿಂದ ಹಿಂದೆ ಸರಿದನು. ಅಂದಿನಿಂದ ಇಂದಿನವರೆಗೂ ಪ್ರತಿನಿಧಿತ್ವದ ಸಮಸ್ಯೆ ಇದೇ: ಹತ್ತಿರವಿದ್ದು ದುಡಿಯುವವನನ್ನು ಜನರು ನಂಬುತ್ತಾರೆ, ದೂರದ ಒಳಿತನ್ನು ಯೋಚಿಸುವವನನ್ನು ನಂಬಲು ಅವರಿಗೆ ಸಾಕ್ಷ್ಯ ಬೇಕು. ಆ ಸಾಕ್ಷ್ಯವನ್ನು ಒದಗಿಸುವುದು ನಾಯಕರ ಹೊಣೆ. ಚಿಕ್ಕೋಡಿ ಸೀಮೆಯ ನಾಯಕರು ಹತ್ತಿರವಿರುವ ವಿದ್ಯೆಯನ್ನು ಚೆನ್ನಾಗಿ ಕಲಿತಿದ್ದಾರೆ. ಎರಡನೆಯ ವಿದ್ಯೆ ಇನ್ನೂ ಬಾಕಿಯಿದೆ.

ಪ್ರಸ್ತುತ ವಿಚಾರವನ್ನು ಹೀಗೆ ಸಂಗ್ರಹಿಸಬಹುದು. ಸೋಲನ್ನು ಅವಿಶ್ವಾಸವೆಂದೂ ಗೆಲುವನ್ನು ವಿಶ್ವಾಸವೆಂದೂ ನೇರವಾಗಿ ಓದಕೂಡದು. ಮತವು ಕೆಲವೊಮ್ಮೆ ಎಚ್ಚರಿಕೆ, ಕೆಲವೊಮ್ಮೆ ಮುಂಗಡ, ಕೆಲವೊಮ್ಮೆ ಮಾತ್ರ ತೀರ್ಪು. ಯಾವುದು ಯಾವುದೆಂದು ತಿಳಿಯಲು ಒಂದು ಚುನಾವಣೆಯ ಅಂಕೆಗಳು ಸಾಲವು. ಒಂದೇ ನಾಯಕನನ್ನು ಒಂದೇ ಜನರು ಹಲವು ಸಂದರ್ಭಗಳಲ್ಲಿ, ಹಲವು ಹುದ್ದೆಗಳಿಗಾಗಿ ಹೇಗೆ ಅಳೆದರೆಂಬುದನ್ನು ಸಾಲಾಗಿ ಇಟ್ಟು ನೋಡಬೇಕು. ಹಾಗೆ ನೋಡಿದಾಗ ಈ ಐದು ಊರುಗಳ ಸೀಮೆಯ ಮತದಾರರಲ್ಲಿ ಚಾಂಚಲ್ಯಕ್ಕಿಂತ ಹೆಚ್ಚಾಗಿ ಕಾಣುವುದು ಲೆಕ್ಕ ಇಡುವ ತಾಳ್ಮೆ. ಸೋತ ನಾಯಕನು ಆ ಲೆಕ್ಕದ ಪುಸ್ತಕ ಮುಚ್ಚಿತೆಂದು ತಿಳಿಯಬೇಕಾಗಿಲ್ಲ. ಗೆದ್ದವನು ಬಾಕಿ ತೀರಿತೆಂದು ತಿಳಿಯಲೂ ಬಾರದು.